ಒಡೆದ ಕೆನ್ನೆಗೆ ಕಾಚಂಪುಳಿ ಹಚ್ಚಬೇಡಿ

"ಚಳಿಗಾಳಿಗೆ ಕೆನ್ನೆ ಒಡೆದರೆ ಕಾಚಂಪುಳಿಗೆ ಜೇನು ಬೆರೆಸಿ ಹಚ್ಚಿ, ಉರಿದಷ್ಟೂ ಬೇಗ ವಾಸಿ" ಎಂಬ ಸಂದೇಶ ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಕಾಚಂಪುಳಿ ಅಂದರೆ ಹುಳಿ ಹಣ್ಣಿನ ರಸವನ್ನು ಕಪ್ಪಗೆ, ಮಂದವಾಗುವ ತನಕ ಕುದಿಸಿದ್ದು. ಪಂದಿ ಕರಿಗೇ (ಹಂದಿ ಮಾಂಸದ ಅಡುಗೆ) ಒಂದೆರಡು ಚಮಚ ಸಾಕು, ಅಲ್ವಾ? ಒಣಗಾಳಿ ಚರ್ಮದ ಎಣ್ಣೆಯಂಶವನ್ನು ಎಳೆದುಕೊಂಡಿರುತ್ತದೆ. ಆ ಬಿರುಕಿಗೆ ಅಷ್ಟು ಕಟುವಾದ ಹುಳಿ ಬಿದ್ದರೆ ಗಾಯ ಜಾಸ್ತಿಯಾಗುತ್ತದೆ. ಉರಿ ಬಂದರೆ ವಾಸಿಯಾಗುತ್ತಿದೆ ಅಂತಲ್ಲ, ಚರ್ಮ ಬೇಡ ಅನ್ನುತ್ತಿದೆ ಅಂತ. ಈಗಾಗಲೇ ಹಚ್ಚಿದ್ದರೆ ತಣ್ಣೀರಲ್ಲಿ ಚೆನ್ನಾಗಿ ತೊಳೆಯಿರಿ.

ಬೇಕಾದ್ದು ಜಿಡ್ಡು. ಹಂಡೆಯ ಸುಡುನೀರು ಬಿಟ್ಟು ಉಗುರುಬೆಚ್ಚನೆ ನೀರಲ್ಲಿ ಮುಖ ತೊಳೆದು, ಒತ್ತಿ ಒರೆಸಿ, ಇನ್ನೂ ಪಸೆ ಇರುವಾಗಲೇ ವ್ಯಾಸಲೀನ್ ಸವರಿ. ಸುವಾಸನೆಯ ದುಬಾರಿ ಕ್ರೀಮ್ ಸುಮ್ನೆ ಖರ್ಚು, ಕೆಲವರಿಗೆ ಉರಿಯೂ ಹೌದು. ಬೆಳಿಗ್ಗೆ ಕಾಫಿ ಕೊಯ್ಲಿಗೆ ಹೋಗುವವರು, ಬೈಕ್ ಓಡಿಸುವವರು ಮೂಗು, ಕೆನ್ನೆ ಮುಚ್ಚುವಂತೆ ಬಟ್ಟೆ ಕಟ್ಟಿಕೊಳ್ಳಿ. ಬಿಸಿಲೇರಿದ ಮೇಲೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಹಚ್ಚಿ. ಚಳಿಯಲ್ಲೂ ಬಿಸಿಲು ಚರ್ಮ ಸುಡುತ್ತದೆ. ತುಟಿ ನೆಕ್ಕಬೇಡಿ, ಇನ್ನಷ್ಟು ಒಣಗುತ್ತದೆ.

ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಸರಿಹೋಗುತ್ತದೆ. ಗುಳ್ಳೆ, ಕೀವು ಕಂಡರೆ ಡಾಕ್ಟರಿಗೆ ತೋರಿಸಿ.