ಗಾಡಿಯ ಮೂಗು ಚಾವಣಿಗೇರಬೇಕೇ?

ಪ್ರಶ್ನೆ: ಮಲೆನಾಡಿನ ಕಚ್ಚಾ ದಾರಿಗಳಲ್ಲಿ ಓಡಾಡುವ ಥಾರ್, ಜಿಮ್ನಿಯಂಥ ಗಾಡಿಗೆ ಹೊರಗಿನಿಂದ ಸ್ನಾರ್ಕೆಲ್ (ಎಂಜಿನ್‌ಗೆ ಚಾವಣಿಯ ಎತ್ತರದಿಂದ ಗಾಳಿ ತರುವ ಕೊಳವೆ), ಬೇರೆ ಏರ್ ಫಿಲ್ಟರ್ ಹಾಕಿಸುವುದು ಸರಿಯೇ?

ಪರ: ಹೊಳೆಯ ಮಾತು ಆಮೇಲೆ, ಮೊದಲು ಧೂಳು

ಸ್ನಾರ್ಕೆಲ್ ಎಂದ ಕೂಡಲೇ ಎಲ್ಲರ ಕಣ್ಣೆದುರು ಬರುವುದು ಬಾನೆಟ್ ಮುಳುಗುವಷ್ಟು ನೀರಿನಲ್ಲಿ ಹೊಳೆ ದಾಟುವ ಜೀಪಿನ ಫೋಟೊ. ಈ ಕೊಳವೆಗೆ ಶೋಕಿಯ ವಸ್ತು ಎಂಬ ಹೆಸರು ಬಂದದ್ದು ಅಂಥ ಫೋಟೊಗಳಿಂದಲೇ. ವರ್ಷಕ್ಕೊಮ್ಮೆಯೂ ಸೊಂಟಮಟ್ಟದ ನೀರಿಗೆ ಇಳಿಯದವನಿಗೆ ಇದೇಕೆ ಎಂದು ಕೇಳುವವರು ಏಪ್ರಿಲ್ ತಿಂಗಳಲ್ಲಿ ಕೊಡಚಾದ್ರಿಯ ಜೀಪ್ ದಾರಿಯನ್ನು ಒಮ್ಮೆ ಹತ್ತಿ ನೋಡಬೇಕು. ಮುಂದಿನ ಜೀಪ್ ಎಬ್ಬಿಸಿದ ಧೂಳು ಕೆಳಗಿಳಿಯುವ ಮೊದಲೇ ಹಿಂದಿನದು ಅದರೊಳಗೆ ನುಗ್ಗಿರುತ್ತದೆ. ಒಳಗೆ ಕುಳಿತವರು ಕರವಸ್ತ್ರದಿಂದ ಮೂಗು ಮುಚ್ಚಿಕೊಳ್ಳಬಹುದು. ಎಂಜಿನ್ ಮುಚ್ಚಿಕೊಳ್ಳುವಂತಿಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿ ಎಳೆಯುತ್ತದೆ. ಥಾರ್‌ನ 2.2 ಲೀಟರ್ ಡೀಸೆಲ್ ಎಂಜಿನ್ 2000 ಆರ್‌ಪಿಎಂನಲ್ಲಿ ತಿರುಗುತ್ತಿದ್ದರೆ ನಿಮಿಷಕ್ಕೆ ಸುಮಾರು 2200 ಲೀಟರ್. ಗಾಳಿಯನ್ನು ಒತ್ತಿ ತುಂಬುವ ಟರ್ಬೊದ ಒತ್ತಡ ಸೇರಿದರೆ ಇನ್ನೂ ಹೆಚ್ಚು. ಗಂಟೆಗೆ ಒಂದು ಲಕ್ಷ ಲೀಟರ್ ಮೀರಿದ ಈ ಗಾಳಿಯನ್ನು ಬಹುತೇಕ ಗಾಡಿಗಳು ಎಳೆದುಕೊಳ್ಳುವುದು ಗ್ರಿಲ್ಲಿನ ಹಿಂದಿನಿಂದ ಅಥವಾ ಮುಂದಿನ ಚಕ್ರದ ಮೇಲಿನ ತಗಡಾದ ಫೆಂಡರಿನ ಒಳಗಿನಿಂದ. ಎಂದರೆ ಮುಂದಿನ ಗಾಡಿಯ ಟೈರುಗಳು ಧೂಳನ್ನು ಎರಚುವ ಮಟ್ಟದಿಂದ. ಚಾವಣಿಯ ಎತ್ತರದಲ್ಲಿ ಧೂಳೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ದಪ್ಪ ಕಣಗಳು ಅಷ್ಟು ಮೇಲೇರುವುದು ಕಡಿಮೆ. ಫಿಲ್ಟರ್ ಬೇಗ ಕಟ್ಟಿಕೊಳ್ಳುವುದು ಈ ದಪ್ಪ ಕಣಗಳಿಂದ.

ರೈತರಿಗೆ ಇದರಲ್ಲಿ ಹೊಸದೇನೂ ಇಲ್ಲ. ಎಷ್ಟೋ ಟ್ರ್ಯಾಕ್ಟರುಗಳ ಬಾನೆಟ್ ಮೇಲೆ ಎದ್ದು ನಿಂತ ಗಾಳಿ ಕೊಳವೆಯನ್ನೂ ಅದರ ತುದಿಯ ಪ್ರೀ-ಕ್ಲೀನರನ್ನೂ ಅವರು ದಿನವೂ ನೋಡುತ್ತಾರೆ. ಗಾಳಿ ಅದರೊಳಗೆ ಸುರುಳಿ ಸುತ್ತುತ್ತದೆ, ಭಾರದ ಕಣಗಳು ಅಂಚಿಗೆ ಎಸೆಯಲ್ಪಟ್ಟು ಬಟ್ಟಲಿಗೆ ಬೀಳುತ್ತವೆ, ಹಗುರಾದ ಗಾಳಿ ಮಾತ್ರ ಫಿಲ್ಟರ್‌ವರೆಗೆ ಹೋಗುತ್ತದೆ. ಉಳುವ ಯಂತ್ರಕ್ಕೆ ಬೇಕಾದದ್ದು ಎಸ್ಟೇಟಿನ ಒಳದಾರಿಯಲ್ಲಿ ಓಡುವ ಗಾಡಿಗೆ ಬೇಡವೆನ್ನಲು ಕಾರಣ ಕಾಣುವುದಿಲ್ಲ. ಇಂಥದ್ದೇ ಪ್ರೀ-ಕ್ಲೀನರ್ ತಲೆಯನ್ನು ಸ್ನಾರ್ಕೆಲ್‌ಗೂ ಕೂರಿಸಬಹುದು. ಬೇಸಿಗೆಗೆ ಅದು, ಮಳೆಗಾಲಕ್ಕೆ ಮಾಮೂಲಿ ತಲೆ. ಹೀಗೆ ಬದಲಿಸಿಕೊಳ್ಳುವವರು ಇದ್ದಾರೆ, ಬುದ್ಧಿವಂತರು.

ಇನ್ನು ನೀರು. ಹೊಸ ಥಾರ್ 650 ಮಿಲಿಮೀಟರ್ ಆಳದ ನೀರು ದಾಟಬಲ್ಲದು ಎಂದು ಕಂಪನಿ ಹೇಳುತ್ತದೆ. ಆ ಅಂಕಿ ಸಮತಳದಲ್ಲಿ, ನಿಧಾನವಾಗಿ ಹೋಗುವಾಗಿನದು. ಜುಲೈ ತಿಂಗಳಲ್ಲಿ ಸಕಲೇಶಪುರದ ಹಳ್ಳವೊಂದಕ್ಕೆ ಇಳಿದಾಗ ತಳದಲ್ಲಿ ಗುಂಡಿ ಇದೆಯೋ ಬಂಡೆ ಇದೆಯೋ ಕೆಂಪು ನೀರಿನಲ್ಲಿ ಕಾಣುವುದಿಲ್ಲ. ಮುಂದಿನ ಚಕ್ರ ಗುಂಡಿಗಿಳಿದು ಮೂತಿ ಬಾಗಿದ ಕ್ಷಣ ಗ್ರಿಲ್ಲಿನ ಹಿಂದಿನ ಬಾಯಿ ನೀರಿನೊಳಗೆ. ನೀರು ಕುಗ್ಗುವ ವಸ್ತುವಲ್ಲ. ಸಿಲಿಂಡರಿನೊಳಗೆ ಒಂದು ಲೋಟದಷ್ಟು ಹೋದರೂ ಮೇಲೇರುವ ಪಿಸ್ಟನ್ ಅಲ್ಲೇ ತಡೆದು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಮೇಲೆ ಬರುವ ಬಿಲ್ಲಿನ ಮುಂದೆ ಸ್ನಾರ್ಕೆಲ್ಲಿನ ಬೆಲೆ ಚಿಲ್ಲರೆ. ಫೋರ್ಸ್ ಕಂಪನಿ ತನ್ನ ಗುರ್ಖಾವನ್ನು ಸ್ನಾರ್ಕೆಲ್ ಸಮೇತ ಕಾರ್ಖಾನೆಯಿಂದಲೇ ಕಳಿಸುವುದು ಫೋಟೊಗಾಗಿ ಇರಲಾರದು.

ಆರಿಸುವಾಗ ಮಾತ್ರ ಕಟ್ಟುನಿಟ್ಟಾಗಿರಬೇಕು. ಬಾನೆಟ್ ಅಡಿಯಲ್ಲಿ ಬತ್ತಲಾಗಿ ನಿಲ್ಲುವ ಕೋನ್ ಫಿಲ್ಟರ್ ಕಿಟ್‌ಗಳ ಹತ್ತಿರ ಹೋಗಲೇಬೇಡಿ. ಶಬ್ದ ಚೆನ್ನಾಗಿರುತ್ತದೆ, ಅಷ್ಟೆ. ಅದು ಎಳೆಯುವುದು ಎಂಜಿನ್ ಕಾಯಿಸಿದ ಗಾಳಿಯನ್ನು. ಹೊರಗಿನ 30 ಡಿಗ್ರಿಯ ಗಾಳಿಯ ಬದಲು 60 ಡಿಗ್ರಿಯದನ್ನು ಎಳೆದರೆ ಅದರ ಸಾಂದ್ರತೆ ಸುಮಾರು ಶೇ 9ರಷ್ಟು ಕಡಿಮೆ. ಕಂಪನಿಯ ಮುಚ್ಚಿದ ಫಿಲ್ಟರ್ ಬಾಕ್ಸ್, ಕಂಪನಿಯದೇ ಪೇಪರ್ ಫಿಲ್ಟರ್ ಹಾಗೆಯೇ ಇರಲಿ. ಗಾಳಿ ಬರುವ ಬಾಯಿ ಮಾತ್ರ ಮೇಲೇರಲಿ. ಬಾಕ್ಸಿನ ತಳದಲ್ಲಿ ಮಳೆನೀರು ಇಳಿದುಹೋಗಲು ಸಣ್ಣ ತೂತು ಬಿಟ್ಟಿರುತ್ತಾರೆ. ಅದಕ್ಕೆ ಒಳಗಿನಿಂದ ಹೊರಗೆ ಮಾತ್ರ ತೆರೆಯುವ ರಬ್ಬರ್ ವಾಲ್ವ್ ಹಾಕಿಸಬೇಕು, ಇಲ್ಲದಿದ್ದರೆ ಮೇಲಿನ ಕೊಳವೆ ಅಲಂಕಾರಕ್ಕೆ ಮಾತ್ರ. ಕೆಲಸ ಮುಗಿದ ಮೇಲೆ ಎಂಜಿನ್ ಐಡಲ್‌ನಲ್ಲಿಟ್ಟು ಸ್ನಾರ್ಕೆಲ್ ಬಾಯಿಗೆ ಹಲಗೆ ಒತ್ತಿ ಹಿಡಿಯಿರಿ. ಕೆಲವೇ ಸೆಕೆಂಡಿನಲ್ಲಿ ಎಂಜಿನ್ ಉಸಿರುಗಟ್ಟಿ ನಿಲ್ಲಬೇಕು. ನಿಲ್ಲದಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ. ಸೋರುವ ಜಾಗ ಸಿಗುವವರೆಗೆ ಮೆಕ್ಯಾನಿಕ್‌ಗೆ ಹಣ ಕೊಡಬೇಡಿ.

ವಿರೋಧ: ಇರುವ ಬಾಕ್ಸನ್ನು ನೆಟ್ಟಗೆ ಮುಚ್ಚಿದರೆ ಸಾಕು

ಮೊದಲು ಅಂಕಿಯಿಂದಲೇ ಶುರುಮಾಡುತ್ತೇನೆ. ಹುಟ್ಟುವಾಗಲೇ ಸ್ನಾರ್ಕೆಲ್ ಇರುವ ಗುರ್ಖಾಗೆ ಕಂಪನಿ ಹೇಳುವ ನೀರಿನ ಮಿತಿ 700 ಮಿಲಿಮೀಟರ್. ಸ್ನಾರ್ಕೆಲ್ ಇಲ್ಲದ ಥಾರ್‌ಗೆ 650. ಮೂಗು ಚಾವಣಿಗೇರಿದ ಗಾಡಿಗೆ ಸಿಕ್ಕಿರುವ ಹೆಚ್ಚುವರಿ ಆಳ ಎರಡು ಇಂಚು! ಹೊಸ ಲ್ಯಾಂಡ್ ರೋವರ್ ಡಿಫೆಂಡರ್ ಸ್ನಾರ್ಕೆಲ್ ಇಲ್ಲದೆಯೇ 900 ಮಿಲಿಮೀಟರ್ ದಾಟಬಲ್ಲದು ಎಂದು ಅದರ ಕಂಪನಿ ಹೇಳಿಕೊಂಡಿದೆ. ನೀರಿನಲ್ಲಿ ಗಾಡಿ ಎಷ್ಟು ಆಳಕ್ಕೆ ಇಳಿಯಬಹುದು ಎಂಬುದು ಗಾಳಿಯ ಬಾಯಿ ಎಲ್ಲಿದೆ ಎಂಬುದೊಂದರಿಂದಲೇ ತೀರ್ಮಾನವಾಗುವುದಿಲ್ಲ. ಆಲ್ಟರ್ನೇಟರ್ ಕೆಳಗೇ ಇರುತ್ತದೆ, ವೈರಿಂಗ್ ಜೋಡಣೆಗಳು ಅಲ್ಲೇ ಇರುತ್ತವೆ, ರೇಡಿಯೇಟರ್ ಫ್ಯಾನ್ ನೀರನ್ನು ಮೊಗೆಯತೊಡಗಿದರೆ ಅದರ ರೆಕ್ಕೆಗಳೇ ಮುಂದಕ್ಕೆ ಬಾಗಿ ರೇಡಿಯೇಟರಿಗೆ ಉಜ್ಜಬಹುದು. ಓಡಿ ಕಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಗಾಳಿಯಾಡಲು ಬಿಟ್ಟ ಬ್ರೀದರ್ ಎಂಬ ಕಿಂಡಿಯ ಮೂಲಕ ನೀರು ಹೀರುತ್ತದೆ. ಮುಂದಿನ ಸರ್ವಿಸಿನಲ್ಲಿ ಆಕ್ಸಲ್ ನಡುವಿನ ಗೇರುಗಳ, ಎಂದರೆ ಡಿಫರೆನ್ಷಿಯಲ್‌ನ ಎಣ್ಣೆ ಬಸಿದರೆ ಹಾಲು ಹೆಚ್ಚಾದ ಕಾಫಿಯ ಬಣ್ಣ. ಅಷ್ಟು ನೀರಿಗೆ ಇಳಿಯುವವರು ಬ್ರೀದರ್ ಪೈಪುಗಳನ್ನು ಮೊದಲು ಮೇಲೆತ್ತಿಸಲಿ. ಖರ್ಚೂ ಕಡಿಮೆ, ಫೆಂಡರ್ ಕೊರೆಯುವ ಕೆಲಸವೂ ಇಲ್ಲ.

ಸ್ನಾರ್ಕೆಲ್ ಇದೆ ಎಂಬ ಧೈರ್ಯವೇ ಜನರನ್ನು ಇಳಿಯಬಾರದ ಹೊಳೆಗೆ ಇಳಿಸುತ್ತದೆ. ಹರಿಯುವ ನೀರು ಗಾಡಿಯ ಪಕ್ಕಕ್ಕೆ ಒತ್ತುವ ಬಲಕ್ಕೂ ಎಂಜಿನ್ ಉಸಿರಾಡುತ್ತಿದೆಯೇ ಎಂಬುದಕ್ಕೂ ಸಂಬಂಧವಿಲ್ಲ. ಗೋವಾದ ರೈನ್ ಫಾರೆಸ್ಟ್ ಚಾಲೆಂಜ್‌ನಂಥ ಸ್ಪರ್ಧೆಗೆ ಗಾಡಿ ಕಟ್ಟುವವರ ವಿಷಯ ಬೇರೆ. ಅವರು ಗಾಡಿಯನ್ನು ಟ್ರಕ್ಕಿನ ಮೇಲೆ ತಂದು ಟ್ರಕ್ಕಿನ ಮೇಲೆ ಒಯ್ಯಲೂ ಸಿದ್ಧರಿರುತ್ತಾರೆ. ಸೋಮವಾರ ಅದೇ ಗಾಡಿಯಲ್ಲಿ ಕಚೇರಿಗೆ ಹೋಗಬೇಕಾದವರ ಬಗ್ಗೆ ನಾನು ಮಾತನಾಡುತ್ತಿದ್ದೇನೆ.

ಧೂಳಿನ ವಾದಕ್ಕೆ ಬರೋಣ. ಅದನ್ನು ನಾನು ಒಪ್ಪುತ್ತೇನೆ, ಒಪ್ಪಿಯೇ ವಿರೋಧಿಸುತ್ತೇನೆ. ಎಂಜಿನನ್ನು ಸವೆಸುವುದು ದಪ್ಪ ಕಣಗಳಿಗಿಂತ ಹೆಚ್ಚಾಗಿ ಕಣ್ಣಿಗೆ ಕಾಣದ ಸಿಲಿಕಾ ಪುಡಿ. ಟರ್ಬೊದ ರೆಕ್ಕೆಗಳ ಅಂಚು ತಿನ್ನುವುದು, ಪಿಸ್ಟನ್ ರಿಂಗ್ ಸವೆಸಿ ನೀಲಿ ಹೊಗೆ ಬರಿಸುವುದು ಅದೇ. ಆ ಪುಡಿ ಚಾವಣಿಯ ಎತ್ತರದಲ್ಲೂ ತೇಲುತ್ತಿರುತ್ತದೆ, ಅದನ್ನು ತಡೆಯುವುದು ಫಿಲ್ಟರ್ ಮತ್ತು ಫಿಲ್ಟರಿನ ಅಂಚಿನ ಸೀಲ್ ಮಾತ್ರ. ಸ್ನಾರ್ಕೆಲ್ ಹಾಕಿದಾಗ ಹೊಸ ಹೋಸ್, ಹೊಸ ಕ್ಲಾಂಪ್, ಹೊಸ ಮೊಣಕೈ ಜೋಡಣೆಗಳು ಬರುತ್ತವೆ. ಅವುಗಳನ್ನು ಕೂರಿಸುವಾಗ ಫಿಲ್ಟರ್ ಬಾಕ್ಸನ್ನು ಬಿಚ್ಚಿ, ಎಳೆದು, ಮತ್ತೆ ಮುಚ್ಚುತ್ತಾರೆ. ಮುಚ್ಚಳದ ಒಂದು ಕ್ಲಿಪ್ ಅರ್ಧಂಬರ್ಧ ಕೂತರೂ ಗಾಳಿ ಫಿಲ್ಟರನ್ನು ತಪ್ಪಿಸಿಕೊಂಡು ನೇರ ಒಳಗೆ ಹೋಗುತ್ತದೆ. ಎದುರಿನವರು ಹೇಳಿದ ಹಲಗೆಯ ಪರೀಕ್ಷೆ ಒಳ್ಳೆಯದೇ, ಅದನ್ನು ಮಾಡಿ ತೋರಿಸುವ ಅಂಗಡಿ ಎಷ್ಟು? ನಂಬಿಕೆಯಾಗದವರು ಫಿಲ್ಟರಿನ ಆಚೆಗಿನ, ಟರ್ಬೊ ಕಡೆಗೆ ಹೋಗುವ ಪೈಪನ್ನು ಬಿಚ್ಚಿ ಒಳಗೆ ಬಿಳಿ ಬಟ್ಟೆಯಿಂದ ಒರೆಸಿ ನೋಡಲಿ. ತುಸು ಎಣ್ಣೆಯ ಜಿಡ್ಡು ಸಹಜ. ಬೆರಳಿಗೆ ಮರಳಿನಂತೆ ಕೊರೆಯುವ ಕೆಂಪು ಪುಡಿ ಬಂದರೆ ಎಂಜಿನ್ ಆಗಲೇ ಮಣ್ಣು ತಿನ್ನತೊಡಗಿದೆ.

ತೊಳೆದು ಎಣ್ಣೆ ಹಚ್ಚಿ ಮತ್ತೆ ಹಾಕುವ ಬಟ್ಟೆಯ ಫಿಲ್ಟರುಗಳು ಇನ್ನೊಂದು ಮೋಹ. ಜೀವನಪರ್ಯಂತ ಒಂದೇ ಸಾಕು ಎನ್ನುತ್ತಾರೆ. ಗಾಳಿಯನ್ನು ಸುಲಭವಾಗಿ ಬಿಡುವ ಜಾಲ ಧೂಳನ್ನೂ ಹೆಚ್ಚು ಬಿಡುತ್ತದೆ ಎಂಬುದು ಮಾಮೂಲಿ ಕೊಡು-ಕೊಳ್ಳುವಿಕೆ. ಎಣ್ಣೆ ಕಡಿಮೆಯಾದರೆ ಧೂಳು ನುಸುಳುತ್ತದೆ. ಹೆಚ್ಚಾದರೆ ಅದರ ಹನಿಗಳು ಗಾಳಿ ಅಳೆಯುವ ಸೆನ್ಸರಿನ ತಂತಿಗೆ ಅಂಟಿ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯುಗೆ ತಪ್ಪು ಲೆಕ್ಕ ಹೋಗುತ್ತದೆ, ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ಶಕ್ತಿ ಹೆಚ್ಚುತ್ತದೆ ಎಂಬ ಮಾತಂತೂ ಬಿಎಸ್6 ಡೀಸೆಲ್‌ನಲ್ಲಿ ನಗೆಪಾಟಲು. ಟರ್ಬೊ ಒತ್ತಡವನ್ನೂ ಡೀಸೆಲ್ ಪ್ರಮಾಣವನ್ನೂ ನಿರ್ಧರಿಸುವುದು ಇಸಿಯು. ಫಿಲ್ಟರಿನ ತಡೆ ತುಸು ತಗ್ಗಿದ್ದಕ್ಕೆ ಅದು ಇನಾಮು ಕೊಡುವುದಿಲ್ಲ.

ಕಾನೂನಿನ ವಿಷಯ ಚುಟುಕಾಗಿ. ನೋಂದಣಿ ಪತ್ರದ ವಿವರ ತಯಾರಕರು ನಿಗದಿ ಮಾಡಿದ್ದಕ್ಕಿಂತ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಸ್ನಾರ್ಕೆಲ್ ಅದರ ವ್ಯಾಪ್ತಿಗೆ ಬರುವುದಿಲ್ಲ ಎಂದು ಶಿರಾಡಿ ಘಾಟಿಯ ತಪಾಸಣೆಯಲ್ಲಿ ನಿಂತು ವಾದಿಸುವ ಉತ್ಸಾಹವಿದ್ದವರು ವಾದಿಸಲಿ. ವಾರಂಟಿ ಇರುವ ಗಾಡಿಯ ಫೆಂಡರಿಗೆ ತೂತು ಕೊರೆಸಿದ ಮೇಲೆ ಟರ್ಬೊ ಹೋದರೆ ಸರ್ವಿಸ್ ಸೆಂಟರಿನವರ ಕಣ್ಣು ಮೊದಲು ಬೀಳುವುದು ಆ ತೂತಿನ ಮೇಲೆಯೇ. ಕೊರೆದ ಅಂಚಿಗೆ ಪೇಂಟ್ ಹಚ್ಚದೆ ಬಿಟ್ಟರಂತೂ ಎರಡು ಮಳೆಗಾಲ ಸಾಕು, ತುಕ್ಕು ಹೊರಗೆ ಬರುತ್ತದೆ.

ಹಾಗಾದರೆ ಮಾಡಬೇಕಾದ್ದು? ಸಾಲಿನಲ್ಲಿ ಹೋಗುವಾಗ ಮುಂದಿನ ಗಾಡಿಯ ಧೂಳು ಕೆಳಗಿಳಿಯುವವರೆಗೆ ಹಿಂದೆ ಉಳಿಯಿರಿ. ಕಚ್ಚಾ ದಾರಿಯಲ್ಲಿ ಹೆಚ್ಚು ಓಡುವ ಗಾಡಿಗೆ ಪುಸ್ತಕದಲ್ಲಿ ಬರೆದ ಕಿಲೋಮೀಟರಿಗಾಗಿ ಕಾಯದೆ ಪೇಪರ್ ಫಿಲ್ಟರ್ ಬದಲಿಸಿ. ಕೆಲವು ನೂರು ರೂಪಾಯಿಯ ಸಾಮಾನು ಅದು. ಹಳೆಯ ಫಿಲ್ಟರನ್ನು ನೆಲಕ್ಕೆ ಕುಟ್ಟಿ, ಕಂಪ್ರೆಸರ್ ಗಾಳಿ ಹೊಡೆದು ಮತ್ತೆ ತುರುಕುವುದು ನಮ್ಮ ಗ್ಯಾರೇಜುಗಳ ಅಭ್ಯಾಸ. ಆ ಒತ್ತಡಕ್ಕೆ ಕಾಗದ ಎಳೆಎಳೆಯಾಗಿ ಸೀಳಿರಬಹುದು. ಕತ್ತಲಲ್ಲಿ ಫಿಲ್ಟರಿನ ಒಳಗಿನಿಂದ ಟಾರ್ಚ್ ಹಿಡಿದರೆ ಸೂಜಿಮೊನೆಯಂಥ ಬೆಳಕು ಹೊರಗೆ ಕಾಣುತ್ತದೆ. ಕಂಡರೆ ಎಸೆದುಬಿಡಿ. ಹೊಸದನ್ನು ಕೂರಿಸುವಾಗ ಬಾಕ್ಸಿನ ಅಂಚನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೇ, ನಾಲ್ಕೂ ಕ್ಲಿಪ್ ಕೂತವೇ ಎಂದು ಪಕ್ಕದಲ್ಲೇ ನಿಂತು ನೋಡಿ, ಆಮೇಲೆ ಚಹಾಕ್ಕೆ ಹೋಗಿ.