ಒಳಗೆ ಎರಡು ಇಂಚು

ಟೇಲರ್ ಕಾಕಾ ನನ್ನ ಭುಜಕ್ಕೆ ಟೇಪು ಹಿಡಿಯುವ ಮೊದಲೇ ಅವ್ವ ಅಂಗಡಿಯ ಮೆಟ್ಟಿಲಿನಿಂದ ಕೂಗುತ್ತಿದ್ದಳು: "ಬೆಳೆಯುವ ಹುಡುಗಿ ಅಣ್ಣಾ, ಒಳಗೆ ಎರಡು ಇಂಚು ಬಿಡಿರಿ." ಕಾಕಾ ಧಾರಾಳಿ, ಮೂರು ಇಂಚು ಬಿಡುತ್ತಿದ್ದರು. ಹಾಗಾಗಿ ಏಳನೆಯ ಇಯತ್ತೆಯವರೆಗೂ ನಾನು ಮುಂದಿನ ವರ್ಷದ ನನಗೆಂದು ಹೊಲಿದ ಪೋಲಕವನ್ನೇ ತೊಟ್ಟು ಓಡಾಡಿದೆ. ಆ ಮುಂದಿನ ವರ್ಷ ಬರುವ ಹೊತ್ತಿಗೆ ಪೋಲಕದ ಆಯುಷ್ಯ ಮುಗಿದಿರುತ್ತಿತ್ತು.

ಪರಕಾರದ, ಅಂದರೆ ಲಂಗದ, ಕಥೆಯೇ ಬೇರೆ. ಅಂಚಿನ ಮೇಲೆ ಸುತ್ತಲೂ ಮೂರು ಮಡಿಕೆ ಹಿಡಿದು ಹೊಲಿಸುವುದು, ಯುಗಾದಿಗೊಂದರಂತೆ ಬ್ಲೇಡಿನಿಂದ ಬಿಚ್ಚುವುದು. ಬಾವಿಕಟ್ಟೆಯ ಒಗೆತಕ್ಕೂ ನಮ್ಮೂರ ಬಿಸಿಲಿಗೂ ಸಿಕ್ಕಿ ಉಳಿದ ಪರಕಾರ ಮಾಸಿದ ಗುಲಾಬಿಯಾಗಿದ್ದರೆ, ಮಡಿಕೆಯೊಳಗೆ ಹಾಯಾಗಿ ಮಲಗಿದ್ದ ಬಟ್ಟೆ ಅಂಗಡಿಯಿಂದ ಆಗಷ್ಟೇ ಬಂದಂತೆ ಕಡುಗೆಂಪು. ಬ್ಲೇಡು ಆಡಿದ ಕಡೆ ಸಾಲುಸಾಲು ಸೂಜಿತೂತು. ಮೂರು ಯುಗಾದಿ ಕಳೆಯುವಷ್ಟರಲ್ಲಿ ಮೂರು ಪಟ್ಟೆ. ಯಾರು ಬೇಕಾದರೂ ಎಣಿಸಿ ನನ್ನ ಪರಕಾರಕ್ಕೆ ಎಷ್ಟು ವಯಸ್ಸು ಎಂದು ಹೇಳಬಹುದಿತ್ತು. "ಹೊಸ ಡಿಸೈನಾ?" ಎಂದು ಗೆಳತಿಯೊಬ್ಬಳು ಕೇಳಿದಾಗ ಕಣ್ಣು ಮಿಟುಕಿಸದೆ ಹೌದೆಂದೆ. ಅವಳು ಅಂಥದ್ದೇ ಬೇಕೆಂದು ಮನೆಯಲ್ಲಿ ಹಟ ಹಿಡಿದು ಎರಡೇಟು ತಿಂದಳು. ಫ್ಯಾಷನ್ ಲೋಕಕ್ಕೆ ನಾನು ಕೊಟ್ಟ ಕಾಣಿಕೆ ಅದೊಂದೇ.

ಅವ್ವ ಈ ಇಂಚಿನ ಪಾಠವನ್ನು ಅಜ್ಜಿಯಿಂದ ಕಲಿತದ್ದಲ್ಲ. ಅಜ್ಜಿಗೆ ಇಂಚಿನ ಹಂಗೇ ಇರಲಿಲ್ಲ. ಉಟ್ಟದ್ದು ಇಳಕಲ್ ಸೀರೆ, ತೊಟ್ಟದ್ದು ಗುಳೇದಗುಡ್ಡದ ಖಣದ ಕುಪ್ಪಸ. ಖಣದ ಪನ್ನಾ, ಅಂದರೆ ಬಟ್ಟೆಯ ಅಗಲ, ಕಿರಿದು. ಒಂದು ಖಣಕ್ಕೆ ಒಂದು ಕುಪ್ಪಸವಾದರೆ ಹೆಚ್ಚು, ಒಳಗೆ ಬಿಡಲು ಬಟ್ಟೆ ಎಲ್ಲಿಂದ ತರುವುದು? ಕುಪ್ಪಸದ ಎರಡು ತುದಿ ಹಿಡಿದು ಎದೆಯ ಕೆಳಗೊಂದು ಗಂಟು ಹಾಕಿದರೆ ಮುಗಿಯಿತು. ಮೈ ಬಂದರೆ ಗಂಟು ಸಡಿಲ, ಮೈ ಇಳಿದರೆ ಬಿಗಿ. ಎಂಟು ಹೆತ್ತರೂ ಅಜ್ಜಿಯ ಅಳತೆ ಬದಲಾಗಲಿಲ್ಲ. ಹುಕ್ಕು ಬಂದ ಮೇಲೆಯೇ ನಮ್ಮ ಹೆಂಗಸರಿಗೆ ತಾವು ದಪ್ಪಗಾಗುತ್ತಿದ್ದೇವೆಂಬ ಸುದ್ದಿ ಮುಟ್ಟಿತೆಂದು ನನ್ನ ಗುಮಾನಿ.

1992ರಲ್ಲಿ ಧಾರವಾಡದ ಕಾಲೇಜು ಸೇರಿದೆ. ಮೊದಲ ವಾರದಲ್ಲೇ ಎರಡು ಜಡೆ ಒಂದಾಯಿತು, ಪರಕಾರ ಹೋಗಿ ಚೂಡಿದಾರ್ ಬಂತು. ತೋಳುಗಳು ಎಷ್ಟು ಉಬ್ಬಿದ್ದವೆಂದರೆ ಬಸ್ಸಿನಲ್ಲಿ ಮೂವರ ಸೀಟಿಗೆ ಇಬ್ಬರೇ. ಆಮೇಲೆ ಬೆಂಗಳೂರು, ನೌಕರಿ, ಜೀನ್ಸ್. ಮೊದಲ ಸಂಬಳದ ಜೀನ್ಸನ್ನು ಅವ್ವನ ಮುಂದೆ ಹಿಡಿದೆ. ಅವ್ವ ಯಾವ ಬಟ್ಟೆಯದ್ದೂ ಬಣ್ಣ ನೋಡುವವಳಲ್ಲ, ಮೊದಲು ತಿರುವಿ ಒಳಗನ್ನು ನೋಡುತ್ತಾಳೆ. ಇದನ್ನೂ ತಿರುವಿದಳು. ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದಳು. "ಇಷ್ಟು ದುಡ್ಡು ಕೊಟ್ಟಿದ್ದೀಯ, ಒಳಗೆ ಏನೂ ಬಿಟ್ಟಿಲ್ಲವಲ್ಲ. ಮದುವೆಯಾದ ಮೇಲೆ ಏನು ಮಾಡುತ್ತೀಯ?" ಮದುವೆಯಾದ ಮೇಲೆ ಆ ಜೀನ್ಸ್ ಸ್ಕೂಟರ್ ಒರೆಸಿತು.

ಹೋದ ದೀಪಾವಳಿಗೆ ನನ್ನ ಮಗಳು ಹೊಕ್ಕುಳ ಮೇಲಕ್ಕೇ ನಿಂತುಬಿಡುವ ಅಂಗಿಯೊಂದನ್ನು ತಂದಳು. ಅವ್ವ ಅದನ್ನೂ ತಿರುವಿ ನೋಡಿ ವಾಪಸ್ ಕೊಟ್ಟಳು. "ಒಳಗೂ ಬಿಟ್ಟಿಲ್ಲ, ಹೊರಗೂ ಬಿಟ್ಟಿಲ್ಲ."

ಹಾಗೆಂದು ಅವ್ವನೇನೂ ನಿಂತಲ್ಲೇ ನಿಂತವಳಲ್ಲ. "ಸತ್ತರೂ ಆ ಗೋಣಿಚೀಲ ತೊಡುವುದಿಲ್ಲ" ಎಂದವಳು ಮೊಣಕಾಲು ನೋವಿನ ನೆಪದಲ್ಲಿ ಒಂದು ದಿನ ನೈಟಿಗೆ ಇಳಿದಳು. ಈಗ ನೈಟಿ, ಹೆಗಲ ಮೇಲೊಂದು ಟವೆಲು ಅವಳ ಸಮವಸ್ತ್ರ. ಹಾಲಿನವನಿಂದ ಹಿಡಿದು ಜನಗಣತಿಯವನವರೆಗೆ ಎಲ್ಲರ ಸ್ವಾಗತವೂ ಅದರಲ್ಲೇ. ಆದರೆ ರೆಡಿಮೇಡ್ ನೈಟಿ ಆಗದು, ಹೊಲಿಸಿಯೇ ಆಗಬೇಕು. ಇಬ್ಬರು ಹಿಡಿಸುವ ಆ ನೈಟಿಯ ಒಳಗೂ ಎರಡು ಇಂಚು ಬಿಡಿಸಿದ್ದಾಳೆ. ಎಂಬತ್ತರ ಹತ್ತಿರದಲ್ಲಿ ಇವಳು ಇನ್ನು ಯಾವ ಕಡೆಗೆ ಬೆಳೆಯುತ್ತಾಳೋ ಕೇಳುವ ಧೈರ್ಯ ನನಗಿಲ್ಲ.

ಇಂಥವಳ ಮಾತು ಮೀರಿ ಅಕ್ಕನ ಮಗನ ಮದುವೆಗೆ ಬೆಂಗಳೂರಿನಲ್ಲಿ ರವಿಕೆ ಹೊಲಿಸಿದೆ. ಗೋಮಿ ದಡಿಯ ಇಳಕಲ್ ಸೀರೆಗೆ ಒಪ್ಪುವಂತೆ ಖಣದ್ದೇ ರವಿಕೆ. ಹಿಂದೆ ಕಿಟಕಿಯಷ್ಟು ಕತ್ತು, ಅದಕ್ಕೊಂದು ಗೊಂಡೆ. ಒಳಗೆ ಸ್ವಲ್ಪ ಬಟ್ಟೆ ಬಿಡಿ ಎಂದು ಬಾಯಿ ತೆರೆದೆ. "ಫಿಟ್ಟಿಂಗ್ ಕೆಡುತ್ತದೆ ಮೇಡಂ" ಎಂದ ಆ ಹುಡುಗ. ಅವನ ದನಿಯಲ್ಲಿ ವೈದ್ಯರ ಗಾಂಭೀರ್ಯವಿತ್ತು, ಸುಮ್ಮನಾದೆ. ರವಿಕೆ ಬಂದದ್ದು ಮಾರ್ಚಿನಲ್ಲಿ, ಮದುವೆ ಮೇ ತಿಂಗಳ ಕೊನೆಗೆ. ನಡುವೆ ಮಾವಿನ ಹಣ್ಣಿನ ಕಾಲ ಹಾದುಹೋಯಿತು.

ಬಾಗಲಕೋಟೆಯ ಕಲ್ಯಾಣ ಮಂಟಪದಲ್ಲಿ ಅಂತರಪಟ ಹಿಡಿದರು, ಮಂಗಲಾಷ್ಟಕ ಶುರುವಾಯಿತು. ನಮ್ಮ ಕಡೆ ಪ್ರತಿ ಶ್ಲೋಕದ ಕೊನೆಗೆ "ಶುಭಮಂಗಲ ಸಾವಧಾನ" ಎಂದಾಗ ಅಕ್ಷತೆ ಹಾಕಬೇಕು. ಮೊದಲ ಸಾವಧಾನಕ್ಕೆ ಕಂಕುಳಲ್ಲಿ ಏನೋ ನರಳಿತು. ಎರಡನೆಯದಕ್ಕೆ ಎಚ್ಚರಿಕೆ ಕೊಟ್ಟಿತು. ನಾನು ನಿಂತಿದ್ದು ಐದನೆಯ ಸಾಲಿನಲ್ಲಿ. ಮೂರನೆಯದಾದರೂ ವರನ ತಲೆ ಮುಟ್ಟಲೆಂದು ಕೈ ಬೀಸಿದೆ. ಪರ್ರ್. ಪುರೋಹಿತರು ಇಷ್ಟು ಹೊತ್ತು ಸಾವಧಾನ ಎಂದದ್ದು ವಧೂವರರಿಗಲ್ಲ, ನನಗೇ.

ಅವ್ವನಿಗೆ ಎಡಗಿವಿ ಕೇಳುವುದಿಲ್ಲ, ಬಲಗಿವಿ ತನಗೆ ಬೇಕಾದ್ದನ್ನಷ್ಟೇ ಕೇಳುತ್ತದೆ. ಅಷ್ಟು ವಾದ್ಯದ ಗದ್ದಲದಲ್ಲೂ ಅದಕ್ಕೆ ಈ ಸದ್ದು ಕೇಳಿತು. ಬಯ್ಯಲಿಲ್ಲ. ಸೆರಗಿನೊಳಗೆ ಕೈ ಹಾಕಿ ಹರಿದ ಕಡೆ ತಡವಿದಳು, ಬಟ್ಟೆಯ ತುದಿ ಹುಡುಕಿದಳು. ಹಿಡಿದು ಕೂಡಿಸಲು ಎಳೆಯಷ್ಟೂ ಸಿಗಲಿಲ್ಲ. ನನ್ನ ಮುಖ ನೋಡಿದಳು. ಆ ನೋಟಕ್ಕಿಂತ ಬೈಗುಳವೇ ವಾಸಿ. ಆಮೇಲೆ ತಾಳಿಸರದಲ್ಲಿ ಸದಾ ಗೊಂಚಲಾಗಿರುವ ಪಿನ್ನುಗಳಿಂದ ಐದನ್ನು ಬಿಚ್ಚಿ, ರವಿಕೆಗೆ ಸೀರೆಯನ್ನೂ ಸೀರೆಗೆ ಸೆರಗನ್ನೂ ಸೇರಿಸಿ ಮೂಟೆ ಕಟ್ಟಿದಳು. ಉಳಿದ ಐದು ಅಕ್ಷತೆಯನ್ನು ಸೊಂಟದ ಮಟ್ಟದಿಂದಲೇ ಎಸೆದೆ. ಎಲ್ಲವೂ ಮುಂದಿದ್ದ ಬೀಗರೊಬ್ಬರ ಬಗಲ ಚೀಲಕ್ಕೆ ಬಿದ್ದವು.

ಸಂಜೆ ಬಟ್ಟೆ ಬದಲಿಸಿ ಪಿನ್ನು ಮರಳಿಸಿದೆ. ಅವ್ವ ಅಂಗೈಯಲ್ಲಿಟ್ಟು ಎಣಿಸಿದಳು. "ಐದು ಕೊಟ್ಟಿದ್ದೆ. ನಾಲ್ಕೇ ಇವೆ." ಸೀರೆ ಕೊಡವಿದೆವು, ಜಮಖಾನೆ ತಡವಿದೆವು, ಸಿಗಲಿಲ್ಲ.

ಮೊನ್ನೆ ಮದುವೆಯ ಆಲ್ಬಮ್ ಬಂತು. ಮನೆಮಂದಿಯೆಲ್ಲ ಸಾಲಾಗಿ ನಿಂತ ಚಿತ್ರದಲ್ಲಿ ಎಲ್ಲರೂ ಹಲ್ಲು ಬಿಟ್ಟು ನಗುತ್ತಿದ್ದಾರೆ. ನಾನು ಎರಡೂ ಕೈಗಳನ್ನು ಮೈಗೆ ಅಂಟಿಸಿಕೊಂಡು ಕವಾಯತಿಗೆ ನಿಂತಂತೆ ನಿಂತಿದ್ದೇನೆ. ನನ್ನ ಬಲಕ್ಕೆ ಒತ್ತಿ ನಿಂತ ಚಿಗವ್ವನ ಬಾಯಿ ಮಾತ್ರ ಅರ್ಧ ತೆರೆದಿದೆ, ಹುಬ್ಬು ಹಣೆಗೇರಿದೆ. ಅವ್ವ ಕನ್ನಡಕ ಏರಿಸಿ, ಚಿತ್ರದ ಆ ಜಾಗಕ್ಕೆ ಬೆರಳಿಟ್ಟಳು. "ಇಗೋ, ಐದನೆಯದು ಇಲ್ಲಿದೆ."