ಶನಿವಾರವಾಡೆಯ ಗೇಟು ಸಂಜೆ ಮುಚ್ಚುವುದು ದೆವ್ವಕ್ಕಲ್ಲ

ಹುಬ್ಬಳ್ಳಿ ಕಡೆಯಿಂದ ನೆಂಟರು ಪುಣೆಗೆ ಬರುತ್ತಾರೆ ಅಂದರೆ ಸಾಕು, ಮನೆ ಗ್ರೂಪಿಗೆ ಆ ಹಳೇ ಫಾರ್ವರ್ಡ್ ಬಂದೇ ಬರುತ್ತದೆ: ಪೇಶ್ವೆಗಳ ಹಳೇ ಅರಮನೆ ಶನಿವಾರವಾಡೆಯಲ್ಲಿ ಹುಣ್ಣಿಮೆ ರಾತ್ರಿ ಅಲ್ಲೇ ಕೊಲೆಯಾದ ಹುಡುಗ ಪೇಶ್ವೆಯ ದೆವ್ವ ಕೂಗುತ್ತದೆ, ಅದಕ್ಕೇ ಸಂಜೆ ಗೇಟು ಮುಚ್ಚುತ್ತಾರೆ ಅಂತ.

ಕೊಲೆ ನಡೆದದ್ದು ನಿಜ. 1773ರ ಆಗಸ್ಟ್ 30ರಂದು 18 ವರ್ಷದ ಪೇಶ್ವೆ, ಅಂದರೆ ಮರಾಠಾ ರಾಜ್ಯದ ಪ್ರಧಾನಿ, ನಾರಾಯಣರಾವ್‌ನನ್ನು ಅರಮನೆಯೊಳಗೇ ಕಡಿದು ಕೊಂದರು, ಅದೂ ಹಾಡುಹಗಲಲ್ಲಿ. ಗೇಟಿನ ಮಾತು ಮಾತ್ರ ತಪ್ಪು. ಇದು ಸಂರಕ್ಷಿತ ಸ್ಮಾರಕ, ಇಂಥ ಜಾಗಗಳನ್ನು ಹುಣ್ಣಿಮೆಯಿರಲಿ ಅಮಾವಾಸ್ಯೆಯಿರಲಿ ಸಂಜೆ ಮುಚ್ಚುವುದು ಮಾಮೂಲಿ. ಮೇಲಾಗಿ ದೆವ್ವ ಓಡಾಡುತ್ತದೆ ಅನ್ನುವ ಕೋಣೆಗಳೇ ಈಗಿಲ್ಲ. ಮರದ ಮಹಡಿಗಳು 1828ರ ಬೆಂಕಿಯಲ್ಲಿ ಸುಟ್ಟುಹೋದವು. ದಿಲ್ಲಿ ದರವಾಜೆಯ ಕದದ ಮೇಲೆ ಆನೆಗಳನ್ನು ತಡೆಯಲು ಬಡಿದ ಚೂಪು ಮೊಳೆಗಳನ್ನು ನೋಡಿಕೊಂಡು ಒಳಗೆ ಹೋದರೆ ಕಲ್ಲಿನ ಅಡಿಪಾಯ, ಹುಲ್ಲುಹಾಸು, ನೂರಾರು ಚಿಲುಮೆಗಳ ಹಜಾರಿ ಕಾರಂಜಿ, ಅಷ್ಟೇ.

ಅನುಮಾನವಿದ್ದರೆ ಟಿಕೆಟ್ ಕೌಂಟರ್ ಹತ್ತಿರದ ವೇಳಾಪಟ್ಟಿ ಓದಿ, ಆಮೇಲೆ ಸಿಂಹಗಡ ರಸ್ತೆಯಲ್ಲೋ ಗೋವಾದಲ್ಲೋ ಬೇರೆ ಯಾವುದಾದರೂ ಸ್ಮಾರಕದ ವೇಳೆಯ ಜೊತೆ ಹೋಲಿಸಿ. ಫಾರ್ವರ್ಡಿನಲ್ಲಿ ಫೋಟೋ ಇದ್ದರೆ ಗೂಗಲ್ ಲೆನ್ಸ್‌ಗೆ ಹಾಕಿ, ಅದು ಮೊದಲು ಎಲ್ಲಿ ಬಂದಿತ್ತು ಅಂತ ಎಷ್ಟೋ ಸಲ ಗೊತ್ತಾಗುತ್ತದೆ. ಕಳಿಸಿದ ಚಿಕ್ಕಪ್ಪನ ಜೊತೆ ಜಗಳ ಬೇಡ, ಕಥೆ ಚೆನ್ನಾಗಿದೆ ಅಂತ ಕಳಿಸಿರುತ್ತಾರೆ, ಅಲ್ವಾ? ನೆಂಟರನ್ನು ಬೆಳಿಗ್ಗೆಯೇ ಕರೆದುಕೊಂಡು ಹೋಗಿ, ಮಧ್ಯಾಹ್ನ ಬಿಸಿಲು ಜಾಸ್ತಿ.